ಕುರಿ, ಕುದುರೆಗಳ ಜೊತೆಯಲ್ಲಿ ಲಾಮಾ ಸಾಕಣೆ

ಕುರಿ ಸಾಕುವವನ ಲಾಭನಷ್ಟ ಅನೇಕ ವೇಳೆ ರಾತ್ರಿಯಲ್ಲಿ ತೀರ್ಮಾನವಾಗುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಮಂದೆಯ ಮೇಲೆ ಬೀಳುವುದು ತೋಳ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬೀಳುವುದು ಕಯೋಟಿ. ಇದು ತೋಳಕ್ಕಿಂತ ಚಿಕ್ಕದು, ನರಿಗಿಂತ ದೊಡ್ಡದು, ಉಪಾಯದಲ್ಲಿ ಎರಡಕ್ಕೂ ಕಡಿಮೆಯಿಲ್ಲ. ಮರಿ ಹಾಕುವ ಕಾಲದಲ್ಲಿ ಇದರ ಕಾಟ ಹೆಚ್ಚು. ಅಲ್ಲಿನ ಕುರಿಗಾರರು ಬೇಲಿ, ಬಂದೂಕು, ಬೋನು, ಕಾವಲು ನಾಯಿ ಎಲ್ಲವನ್ನೂ ಪ್ರಯೋಗಿಸಿ ನೋಡಿದವರೇ. 1980ರ ದಶಕದಿಂದೀಚೆಗೆ ಇವುಗಳ ಸಾಲಿಗೆ ಮತ್ತೊಂದು ಸೇರಿದೆ: ಕುರಿಗಳ ನಡುವೆ ಉದ್ದ ಕತ್ತು ಚಾಚಿ ನಿಲ್ಲುವ ಒಂದು ಲಾಮಾ.

ಅಮೆರಿಕದ ಸಣ್ಣ ಹಿಡುವಳಿಗಳಲ್ಲಿ ಸಾಮಾನ್ಯವಾಗಿ ಹತ್ತಿಪ್ಪತ್ತು ಕುರಿ, ಕೆಲವು ಮೇಕೆ, ಒಂದೆರಡು ಕುದುರೆ, ನಾಲ್ಕಾರು ದನ, ಕೋಳಿ ಇವೆಲ್ಲ ಒಂದೇ ಕಡೆ ಇರುತ್ತವೆ. ಅಲ್ಲಿಗೆ ಲಾಮಾ ತಂದು ಬಿಟ್ಟರೆ ಕಯೋಟಿಯ ಭಯ ತಗ್ಗಬಹುದು. ಆದರೆ ಹಲವು ಜಾತಿಯ ಪ್ರಾಣಿಗಳು ಒಂದೇ ಬಾನಿಯಲ್ಲಿ ತಿಂದು ಒಂದೇ ಗಾವಲಿನಲ್ಲಿ ಮೇಯುವಾಗ, ಒಂದಕ್ಕೆ ಆಹಾರವಾದದ್ದು ಇನ್ನೊಂದಕ್ಕೆ ವಿಷವಾಗುವುದುಂಟು. ಕಾವಲಿಗೆಂದು ತಂದ ಪ್ರಾಣಿಯ ನೆಪದಲ್ಲಿ ಕುದುರೆಯನ್ನೋ ಕುರಿಯನ್ನೋ ಕಳೆದುಕೊಳ್ಳಬಾರದಾದರೆ ಕೆಲವು ವಿಷಯಗಳನ್ನು ಮೊದಲೇ ತಿಳಿದಿರುವುದು ಅವಶ್ಯಕ.

ಪ್ರಾಣಿಯ ಪರಿಚಯ

ಲಾಮಾ ಒಂಟೆಯ ಕುಟುಂಬಕ್ಕೆ ಸೇರಿದ ಪ್ರಾಣಿ. ಡುಬ್ಬವಿಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ, ಮುಖ್ಯವಾಗಿ ಇಂದಿನ ಪೆರು ಮತ್ತು ಬೊಲಿವಿಯಾ ದೇಶಗಳ ಎತ್ತರದ ಬಯಲು. ಅಲ್ಲಿಯ ಜನ ಗ್ವಾನಾಕೊ ಎಂಬ ಕಾಡುಪ್ರಾಣಿಯನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿ ಲಾಮಾವನ್ನು ಪಡೆದರು. ಉಣ್ಣೆಗೆ ಹೆಸರಾದ ಆಲ್ಪಾಕಾ ಇದರ ಚಿಕ್ಕ ಬಂಧು. ಸ್ಪೇನಿನವರು 1532ರಲ್ಲಿ ಪೆರುವಿಗೆ ಬರುವವರೆಗೆ ಆ ನಾಡಿನವರು ಕುದುರೆಯನ್ನಾಗಲಿ ಕುರಿಯನ್ನಾಗಲಿ ಕಂಡಿರಲಿಲ್ಲ. ಹೊರೆ ಹೊರುವುದಕ್ಕೆ ಇದ್ದದ್ದು ಲಾಮಾ ಒಂದೇ. ಮುಂದೆ ಪೊಟೋಸಿಯ ಬೆಳ್ಳಿ ಗಣಿಗಳಿಂದ ಬೆಳ್ಳಿಯನ್ನು ಬೆಟ್ಟ ಇಳಿಸಿದ್ದೂ ಲಾಮಾಗಳ ಸಾಲುಗಳೇ. ಸ್ಪೇನಿನವರ ಜೊತೆ ಬಂದ ಕುರಿ, ಕುದುರೆ, ಹೇಸರಗತ್ತೆಗಳೊಂದಿಗೆ ಲಾಮಾ ಆಗಿನಿಂದಲೂ ಒಂದೇ ಬಯಲಿನಲ್ಲಿ ಮೇಯುತ್ತ ಬಂದಿದೆ. ಬೊಲಿವಿಯಾದ ರೈತನಿಗೆ ಇಂದಿಗೂ ಇದು ಹೊರೆಗೆ, ಮಾಂಸಕ್ಕೆ, ಒರಟು ಉಣ್ಣೆಗೆ ಬೇಕು. ಹಿಕ್ಕೆಯನ್ನು ಆಲೂಗೆಡ್ಡೆ ಹೊಲಕ್ಕೆ ಗೊಬ್ಬರವಾಗಿ, ಒಣಗಿಸಿ ಒಲೆಗೆ ಸೌದೆಯಾಗಿ ಬಳಸುತ್ತಾನೆ. ಗುರುತಿಗೆಂದು ಕಿವಿಗೆ ಬಣ್ಣದ ಉಣ್ಣೆಯ ಕುಚ್ಚು ಪೋಣಿಸುವ ಪದ್ಧತಿಯೂ ಅಲ್ಲಿದೆ.

ಪೂರ್ಣ ಬೆಳೆದ ಲಾಮಾ 130ರಿಂದ 200 ಕಿ.ಗ್ರಾಂ. ತೂಗುತ್ತದೆ. ಭುಜದವರೆಗಿನ ಎತ್ತರ ಒಂದು ಮೀಟರಿಗೆ ಸ್ವಲ್ಪ ಹೆಚ್ಚು; ಕತ್ತು ಎತ್ತಿ ನಿಂತರೆ ಆಳಿನೆತ್ತರ. ಆಯುಷ್ಯ ಹದಿನೈದರಿಂದ ಇಪ್ಪತ್ತು ವರ್ಷ. ಪಾದದಲ್ಲಿ ಗಟ್ಟಿ ಗೊರಸಿಲ್ಲ, ಎರಡು ಬೆರಳು, ಅವಕ್ಕೆ ಉಗುರು, ಕೆಳಗೆ ಮೆತ್ತನೆಯ ಅಡಿ. ಮೇಲ್ದವಡೆಯ ಮುಂಭಾಗದಲ್ಲಿ, ಕುರಿ ದನಗಳಂತೆ, ಹಲ್ಲಿನ ಬದಲು ಗಟ್ಟಿ ವಸಡು. ಮೆಲುಕು ಹಾಕುತ್ತದೆ, ಆದರೆ ದನದಂತೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿಲ್ಲ, ಮೂರೇ. ಹೊಟ್ಟೆಗೆ ಬೇಕಾದದ್ದು ಕಡಿಮೆ: ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಒಣ ಮೇವು ಸಾಕು. ಗರ್ಭಾವಧಿ ಹನ್ನೊಂದೂವರೆ ತಿಂಗಳು, ಮರಿ ಸಾಮಾನ್ಯವಾಗಿ ಒಂದೇ.

ಉಗುಳುವ ಪ್ರಾಣಿಯೆಂದು ಲಾಮಾಕ್ಕೆ ಕೆಟ್ಟ ಹೆಸರಿದೆ. ಅದು ಉಗುಳುವುದು ಹೆಚ್ಚಾಗಿ ತನ್ನ ಜಾತಿಯವರ ಮೇಲೆಯೇ, ಅದೂ ಮೇವಿನ ಜಗಳದಲ್ಲಿ. ಸರಿಯಾಗಿ ಬೆಳೆದ ಲಾಮಾ ಮನುಷ್ಯನ ಮೇಲೆ ಉಗುಳುವುದು ಅಪರೂಪ.

ಕಾವಲಿಗೆ ಎಂಥದು ಬೇಕು

ಲಾಮಾ ಹುಟ್ಟಿನಿಂದಲೇ ನಾಯಿ ಜಾತಿಯ ಪ್ರಾಣಿಗಳ ವೈರಿ. ಕಯೋಟಿ, ನರಿ, ಬೀದಿ ನಾಯಿ ಕಂಡರೆ ಕಿವಿ ನಿಮಿರಿಸಿ ನೋಡುತ್ತದೆ, ಕರ್ಕಶವಾಗಿ ಕೂಗಿ ಎಚ್ಚರಿಸುತ್ತದೆ, ಓಡದೆ ಅದರ ಕಡೆಗೇ ನಡೆಯುತ್ತದೆ. ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗಿ ಮುಂಗಾಲಿನಿಂದ ತುಳಿಯುತ್ತದೆ, ಒದೆಯುತ್ತದೆ. ತನ್ನಿಂದ ಓಡಿಹೋಗುವುದನ್ನೇ ಬೆನ್ನಟ್ಟಿ ಅಭ್ಯಾಸವಾದ ಕಯೋಟಿ ಎದುರು ಬರುವ ಪ್ರಾಣಿಯನ್ನು ಕಂಡು ಹಿಮ್ಮೆಟ್ಟುತ್ತದೆ. ಕೆಲವು ಲಾಮಾಗಳು ಕುರಿಗಳನ್ನು ಒಟ್ಟುಗೂಡಿಸಿ ತಾವು ನಡುವೆ ನಿಲ್ಲುವುದೂ ಉಂಟು. ಅಯೋವಾ ರಾಜ್ಯ ವಿಶ್ವವಿದ್ಯಾಲಯದವರು 1990ರ ದಶಕದ ಆರಂಭದಲ್ಲಿ ಲಾಮಾ ಇಟ್ಟುಕೊಂಡ ಕುರಿಗಾರರನ್ನು ವಿಚಾರಿಸಿ ನಡೆಸಿದ ಅಧ್ಯಯನದಲ್ಲಿ, ಕುರಿಗಳ ನಷ್ಟ ಗಣನೀಯವಾಗಿ ತಗ್ಗಿದ್ದು ಕಂಡುಬಂದಿತು. ಬೀಜ ಒಡೆಸಿದ ಒಂದೇ ಗಂಡು ಒಂದು ಮಂದೆಗೆ ಸಾಕಾಗುತ್ತದೆಂಬುದೂ ಆ ಅಧ್ಯಯನದಿಂದ ಗೊತ್ತಾಯಿತು.

ಒಂದೇ ಏಕೆ? ಲಾಮಾ ಗುಂಪಿನ ಪ್ರಾಣಿ. ತನ್ನ ಜಾತಿಯ ಜೊತೆಗಾರನಿಲ್ಲದಿದ್ದಾಗ ಕುರಿಗಳನ್ನೇ ತನ್ನ ಗುಂಪೆಂದು ಹಚ್ಚಿಕೊಳ್ಳುತ್ತದೆ. ಎರಡು ಮೂರನ್ನು ಬಿಟ್ಟರೆ ಅವು ತಮ್ಮತಮ್ಮೊಳಗೆ ಜೊತೆಯಾಗಿ ಒಂದು ಮೂಲೆಯಲ್ಲಿ ಮೇಯುತ್ತವೆ, ಕುರಿಗಳ ಗೊಡವೆಗೆ ಬರುವುದಿಲ್ಲ. ಕುದುರೆಯ ವಿಷಯದಲ್ಲಿಯೂ ಇದನ್ನು ನೆನಪಿಡಬೇಕು. ಲಾಮಾವನ್ನು ಮೊದಲು ಕುದುರೆಯ ಜೊತೆ ಬಿಟ್ಟು ಆಮೇಲೆ ಕುರಿಗಳ ಕಡೆ ತಿರುಗಿಸಲು ನೋಡಿದರೆ, ಅದು ಬೇಲಿಯ ಪಕ್ಕದಲ್ಲಿ ನಿಂತು ಕುದುರೆಯನ್ನೇ ನೋಡುತ್ತಿರುತ್ತದೆ.

ಬೀಜ ಒಡೆಸದ ಗಂಡನ್ನು ಕುರಿಗಳ ನಡುವೆ ಬಿಡಲೇಕೂಡದು. ಅದು ಹೆಣ್ಣು ಕುರಿಗಳ ಮೇಲೇರಲು ಹೋಗುತ್ತದೆ. ಲಾಮಾಗಳು ಕೂಡುವುದು ಕುಳಿತು, ಅದೂ ಇಪ್ಪತ್ತು ಮೂವತ್ತು ನಿಮಿಷ. ಅಷ್ಟು ಹೊತ್ತು 150 ಕಿ.ಗ್ರಾಂ. ಭಾರದ ಅಡಿಯಲ್ಲಿ ಸಿಕ್ಕ ಕುರಿ ಉಸಿರುಗಟ್ಟಿ ಸಾಯುತ್ತದೆ. ಬೀಜ ಒಡೆಸುವುದನ್ನು ತೀರ ಎಳೆಯದರಲ್ಲಿ ಮಾಡಿಸಿದರೆ ಕಾಲಿನ ಮೂಳೆಗಳು ಅತಿಯಾಗಿ ಉದ್ದ ಬೆಳೆದು ಮುಂದೆ ಕೀಲು ನೋವಿಗೆ ಕಾರಣವಾಗುತ್ತದೆ. ಆದುದರಿಂದ ಒಂದೂವರೆಯಿಂದ ಎರಡು ವರ್ಷದ ಪ್ರಾಯದಲ್ಲಿ ಮಾಡಿಸುವುದು ರೂಢಿ. ಎರಡು ಮೂರು ವರ್ಷಕ್ಕೆ ಗಂಡಿಗೆ ಹೋರಾಟದ ಕೋರೆಹಲ್ಲು ಮೂಡುತ್ತದೆ. ಅದರ ತುದಿಯನ್ನು ಪಶುವೈದ್ಯರಿಂದ ಕತ್ತರಿಸಿಸಬೇಕು.

ಕೊಳ್ಳುವಾಗ ವಿಚಾರಿಸಬೇಕಾದ ಮೊದಲ ಪ್ರಶ್ನೆ: ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿದು ಬೆಳೆದದ್ದೇ? ತನ್ನ ಜಾತಿಯಿಂದ ಬೇರೆಯಾಗಿ ಮನುಷ್ಯರ ಕೈಯಲ್ಲಿ ಮುದ್ದಾಗಿ ಬೆಳೆದ ಗಂಡು ಮರಿ ಪ್ರಾಯಕ್ಕೆ ಬಂದ ಮೇಲೆ ಮನುಷ್ಯನನ್ನೇ ಎದುರಾಳಿ ಗಂಡೆಂದು ತಿಳಿಯುತ್ತದೆ. ಎದೆಯಿಂದ ಗುದ್ದಿ ಕೆಡವುತ್ತದೆ, ಮೊಣಕಾಲಿಗೆ ಕಚ್ಚುತ್ತದೆ. ಮಕ್ಕಳಿರುವ ಮನೆಗೆ ಇದು ದೊಡ್ಡ ಅಪಾಯ. ಹತ್ತಿರ ಬಂದು ಜೇಬು ಮೂಸುವ ಲಾಮಾ ನೋಡಲು ಚಂದ, ಆದರೆ ಕಾವಲಿಗೆ ಬೇಕಾದದ್ದು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡುವಂಥದು.

ಲಾಮಾದ ಶಕ್ತಿಗೂ ಮಿತಿಯಿದೆ. ಒಂಟಿ ಕಯೋಟಿ, ಒಂದೆರಡು ನಾಯಿ ಬಂದರೆ ಸರಿ. ತೋಳದ ಹಿಂಡು, ಪ್ಯೂಮಾ, ಕರಡಿಗಳ ಎದುರು ಅದು ನಿಲ್ಲಲಾರದು, ತಾನೇ ಬಲಿಯಾಗುತ್ತದೆ. ಮನೆಯಲ್ಲಿ ಕುರಿ ಕಾಯುವ ನಾಯಿ ಇದ್ದರೆ ಎರಡಕ್ಕೂ ಪರಿಚಯ ಮಾಡಿಸದೆ ಬಿಡಬಾರದು, ಏಕೆಂದರೆ ಲಾಮಾಕ್ಕೆ ಸಾಕಿದ ನಾಯಿಗೂ ಕಯೋಟಿಗೂ ಇರುವ ಅಂತರ ತಿಳಿಯದು.

ಕುದುರೆಯೊಡನೆ ಪರಿಚಯ ಮಾಡಿಸುವ ಕ್ರಮ

ಹೊಸ ಲಾಮಾವನ್ನು ತಂದ ದಿನವೇ ಉಳಿದ ಪ್ರಾಣಿಗಳೊಂದಿಗೆ ಸೇರಿಸುವುದು ತಪ್ಪು. ಮೂರು ನಾಲ್ಕು ವಾರ ಬೇರೆ ದೊಡ್ಡಿಯಲ್ಲಿಟ್ಟು, ಹಿಕ್ಕೆ ಪರೀಕ್ಷೆ ಮಾಡಿಸಿ, ಜಂತುಹುಳುವಿಗೆ ಔಷಧ ಕೊಡಿಸಬೇಕು. ಈ ಅವಧಿಯಲ್ಲಿ ಕುದುರೆಗಳು ಅದನ್ನು ದೂರದಿಂದ ನೋಡಿ, ವಾಸನೆ ಹಿಡಿದು ಹೊಂದಿಕೊಳ್ಳಲು ಅವಕಾಶವಾಗುತ್ತದೆ. ಅನೇಕ ಕುದುರೆಗಳಿಗೆ ಲಾಮಾದ ಆಕಾರ, ವಾಸನೆ ಎರಡೂ ಭಯ ಹುಟ್ಟಿಸುತ್ತವೆ. ಎಂದೂ ಬೆದರದ ಮುದಿ ಕುದುರೆಯೂ ಲಾಮಾ ಕಂಡು ಬೇಲಿ ಮುರಿದುಕೊಂಡು ಓಡುವುದುಂಟು. ಸವಾರ ಮೇಲೆ ಕುಳಿತಿರುವಾಗ ಮೊದಲ ಭೇಟಿ ಆಗದಂತೆ ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ನಡುವೆ ಗಟ್ಟಿ ಬೇಲಿಯಿರುವಂತೆ ಅಕ್ಕಪಕ್ಕದ ಗಾವಲುಗಳಲ್ಲಿ ಬಿಡಬೇಕು. ಬೇಲಿಯ ಎರಡೂ ಕಡೆ, ಮೊದಲು ದೂರದಲ್ಲಿ, ದಿನದಿನಕ್ಕೆ ಹತ್ತಿರದಲ್ಲಿ ಒಣಹುಲ್ಲು ಹಾಕಿದರೆ ತಿನ್ನುತ್ತ ತಿನ್ನುತ್ತ ಭಯ ಕಳೆಯುತ್ತದೆ. ಮುಳ್ಳುತಂತಿ ಬೇಲಿ ಇಬ್ಬರಿಗೂ ಒಳ್ಳೆಯದಲ್ಲ: ಕುದುರೆ ಹೆದರಿ ನುಗ್ಗಿದರೆ ಕಾಲು ಕೊಯ್ದುಕೊಳ್ಳುತ್ತದೆ, ಲಾಮಾದ ಉಣ್ಣೆ ಸಿಕ್ಕಿಕೊಳ್ಳುತ್ತದೆ. ಒಟ್ಟಿಗೆ ಬಿಡುವ ದಿನ ವಿಶಾಲವಾದ ಜಾಗದಲ್ಲಿ, ಹಗಲಿನಲ್ಲಿ, ಆಳು ನಿಂತಿರುವಾಗ ಬಿಡಬೇಕು. ಕುದುರೆಯ ಹಿಂಗಾಲಿನ ಲಾಳ ತೆಗೆಸಿರುವುದು ಉತ್ತಮ. ಲಾಮಾದ ಕಾಲು ಸಣ್ಣ. ಲಾಳ ಬಡಿದ ಒಂದು ಒದೆತಕ್ಕೆ ಮುರಿಯುತ್ತದೆ.

ಜಗಳಕ್ಕಿಂತ ಆಟವೇ ಹೆಚ್ಚು ಅಪಾಯವಾಗಬಹುದು. ಕೆಲಸವಿಲ್ಲದೆ ಕೊಬ್ಬಿದ ಎಳೆಯ ಕುದುರೆ ಲಾಮಾವನ್ನು ಬೆನ್ನಟ್ಟುವುದನ್ನೇ ಆಟ ಮಾಡಿಕೊಳ್ಳುತ್ತದೆ. ಉಣ್ಣೆ ಹೊದ್ದ ಲಾಮಾ ಬೇಸಿಗೆಯ ಮಧ್ಯಾಹ್ನ ಒಂದು ಗಂಟೆ ಓಡಿದರೆ ಮೈ ಬಿಸಿಯೇರಿ ಕುಸಿಯುತ್ತದೆ. ಇಂಥ ಕುದುರೆಯನ್ನು ಬೇರೆ ಇಡುವುದೊಂದೇ ದಾರಿ. ಕೆಲವು ಕುದುರೆಗಳು, ಅದಕ್ಕಿಂತಲೂ ಹೆಚ್ಚಾಗಿ ಕತ್ತೆ ಮತ್ತು ಹೇಸರಗತ್ತೆಗಳು, ಆಗತಾನೆ ಹುಟ್ಟಿದ ಕುರಿಮರಿಯನ್ನಾಗಲಿ ಲಾಮಾ ಮರಿಯನ್ನಾಗಲಿ ಕಚ್ಚಿ ಎತ್ತಿ ಎಸೆಯುತ್ತವೆ. ಮರಿ ಹಾಕುವ ಕಾಲದಲ್ಲಿ ಇವು ಬೇರೆ ಇರಬೇಕು.

ಲಾಮಾಕ್ಕೆ ಮುಖಪಟ್ಟಿ ಹಾಕುವಾಗ ಕುದುರೆಯ ಅಭ್ಯಾಸವನ್ನು ಮರೆಯಬೇಕು. ಲಾಮಾದ ಮೂಗಿನ ಮೂಳೆ ಚಿಕ್ಕದು, ಮುಂಭಾಗವೆಲ್ಲ ಮೆತ್ತನೆಯ ಮೆಲುಮೂಳೆ. ಅದು ಬಾಯಿಂದ ಸರಾಗವಾಗಿ ಉಸಿರಾಡಲಾರದು. ಕುದುರೆಮರಿಯ ಪಟ್ಟಿಯನ್ನು ಹಾಕಿದರೆ ಮುಂದಕ್ಕೆ ಜಾರಿ ಮೂಗು ಒತ್ತುತ್ತದೆ, ಪ್ರಾಣಿ ಉಸಿರುಕಟ್ಟಿ ಹುಚ್ಚೆದ್ದು ಒದ್ದಾಡುತ್ತದೆ. ಜನ ಇದನ್ನು ಹಟವೆಂದು ತಿಳಿದು ಇನ್ನೂ ಬಿಗಿಯಾಗಿ ಎಳೆಯುತ್ತಾರೆ. ಪಟ್ಟಿ ಕಣ್ಣಿಗೆ ಸಮೀಪದಲ್ಲಿ, ಮೂಳೆಯ ಮೇಲೆ ಕೂರುವಂತಿರಬೇಕು. ಮೇಯಲು ಬಿಡುವಾಗ ತೆಗೆದುಬಿಡಬೇಕು.

ಆಹಾರದಲ್ಲಿ ಅಡಗಿರುವ ವಿಷ

ಈ ಭಾಗವನ್ನು ಬಹು ಎಚ್ಚರಿಕೆಯಿಂದ ಗಮನಿಸುವುದು ಅಗತ್ಯ, ಏಕೆಂದರೆ ಇಲ್ಲಿ ಆಗುವ ತಪ್ಪಿಗೆ ಚಿಕಿತ್ಸೆಯಿಲ್ಲ.

ಮೊನೆನ್ಸಿನ್ ಎಂಬ ಔಷಧವನ್ನು ದನಗಳ ಬೆಳವಣಿಗೆಗೆಂದು ಹಿಂಡಿಯಲ್ಲಿಯೂ, ರಕ್ತಭೇದಿ ತಡೆಯಲೆಂದು ಕೋಳಿ ಆಹಾರದಲ್ಲಿಯೂ ಬೆರೆಸುವುದುಂಟು. ಸಾಲಿನೋಮೈಸಿನ್ ಕೂಡ ಇದೇ ಗುಂಪಿನದು. ದನಕ್ಕೆ, ಕೋಳಿಗೆ ನಿಗದಿತ ಪ್ರಮಾಣದಲ್ಲಿ ಇದು ಹಿತ. ಕುದುರೆಗೆ ಘೋರ ವಿಷ. ದೇಹತೂಕದ ಪ್ರತಿ ಕಿಲೋಗ್ರಾಂಗೆ 2ರಿಂದ 3 ಮಿ.ಗ್ರಾಂ. ಹೊಟ್ಟೆಗೆ ಸೇರಿದರೆ ಕುದುರೆ ಸಾಯಬಹುದು; ದನ ಇದರ ಸುಮಾರು ಹತ್ತರಷ್ಟನ್ನು, ಕೋಳಿ ಅದಕ್ಕಿಂತಲೂ ಹೆಚ್ಚನ್ನು ತಾಳಿಕೊಳ್ಳುತ್ತದೆ. ಅಂದರೆ 400 ಕಿ.ಗ್ರಾಂ. ತೂಕದ ಕುದುರೆಗೆ ಒಂದು ಗ್ರಾಂನಷ್ಟು ಔಷಧ ಸಾಕು. ಕಾರ್ಖಾನೆಯಲ್ಲಿ ಮಿಶ್ರಣ ಸರಿಯಾಗದೆ ಚೀಲದ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಆ ಒಂದು ಗ್ರಾಂ ಒಂದೇ ಬೊಗಸೆಯಲ್ಲಿ ಬಂದುಬಿಡಬಹುದು. ವಿಷ ತಾಗಿದ ಕುದುರೆ ಮೇವು ಬಿಡುತ್ತದೆ, ಬೆವರುತ್ತದೆ, ಹೊಟ್ಟೆನೋವಿನಂತೆ ಒದ್ದಾಡುತ್ತದೆ, ಹಿಂಗಾಲು ತಡವರಿಸುತ್ತದೆ, ಹೃದಯ ನಿಂತು ಸಾಯುತ್ತದೆ. ಬದುಕಿ ಉಳಿದದ್ದರ ಹೃದಯವೂ ಹಾಳಾಗಿರುವುದರಿಂದ ತಿಂಗಳುಗಳ ಮೇಲೆ ಕೆಲಸದ ನಡುವೆ ಹಠಾತ್ತನೆ ಬೀಳಬಹುದು. ಲಾಮಾ ಕೂಡ ಈ ಔಷಧಗಳಿಗೆ ಸೂಕ್ಷ್ಮ. ಮೆಲುಕು ಹಾಕುವ ಪ್ರಾಣಿಯಲ್ಲವೇ, ದನದ ಹಿಂಡಿ ಹಾಕಿದರೆ ತಪ್ಪೇನು ಎಂದು ಯೋಚಿಸಿದವರು ಲಾಮಾಗಳನ್ನು ಕಳೆದುಕೊಂಡಿದ್ದಾರೆ.

ಎರಡನೆಯದು ತಾಮ್ರ. ಕುದುರೆಗೂ ದನಕ್ಕೂ ಖನಿಜ ಮಿಶ್ರಣದಲ್ಲಿ ತಾಮ್ರ ಬೇಕು. ಮೇಕೆಗೆ ಕುರಿಗಿಂತ ಹೆಚ್ಚು ಬೇಕು. ಕುರಿ ಮಾತ್ರ ಹೆಚ್ಚಿನ ತಾಮ್ರವನ್ನು ಹೊರಹಾಕಲಾರದು, ಅದು ಯಕೃತ್ತಿನಲ್ಲಿ ಸೇರುತ್ತ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಸಾಗಣೆಯ ಆಯಾಸವೋ ಮಳೆಯ ಚಳಿಯೋ ತಾಗಿದಾಗ ಸೇರಿದ್ದೆಲ್ಲ ಒಮ್ಮೆಗೇ ರಕ್ತಕ್ಕೆ ಬಿಡುಗಡೆಯಾಗಿ, ಕಣ್ಣು ಹಳದಿಯಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಎರಡು ದಿನದಲ್ಲಿ ಕುರಿ ಸಾಯುತ್ತದೆ. ಲಾಮಾದಲ್ಲಿಯೂ ತಾಮ್ರದ ವಿಷ ಕಂಡುಬಂದಿದೆ. ಆದುದರಿಂದ ಕುರಿಗಳ ಜೊತೆಯಿರುವ ಲಾಮಾಕ್ಕೆ ಕುರಿಗಳ ಖನಿಜ ಮಿಶ್ರಣವನ್ನೇ ಕೊಡುವುದು ಕ್ಷೇಮ. ಕುದುರೆಯ ಮಿಶ್ರಣವನ್ನು ಕುರಿಗೆ ಎಟುಕದ ಎತ್ತರದಲ್ಲಿ, ಎದೆಮಟ್ಟದ ಗೂಟಕ್ಕೆ ಕಟ್ಟಿದ ತೊಟ್ಟಿಯಲ್ಲಿ ಇಡಬಹುದು. ಆದರೆ ಲಾಮಾದ ಕತ್ತು ಅಲ್ಲಿಗೂ ಎಟುಕುತ್ತದೆ, ಮೇಕೆಯಂತೂ ಹತ್ತಿಯೇ ಬಿಡುತ್ತದೆ. ಕುದುರೆಯನ್ನು ಲಾಯದೊಳಗೆ ಕಟ್ಟಿ ತಿನ್ನಿಸಿ, ತೊಟ್ಟಿ ಖಾಲಿಯಾದ ಮೇಲೆ ಹೊರಬಿಡುವುದು ನೆಚ್ಚಬಹುದಾದ ಕ್ರಮ.

ಮೇವಿನ ಮಾತು ಇಷ್ಟು ಕಠಿಣವಲ್ಲ. ಕುದುರೆಗೆ ಬೂಷ್ಟು ಹಿಡಿದ ಹುಲ್ಲು ಆಗದು, ಲಾಮಾಕ್ಕೂ ಆಗದು. ಒಳ್ಳೆಯ ಒಣಹುಲ್ಲು ಇಬ್ಬರಿಗೂ ಸರಿ. ಕುದುರೆ ಮಸಾಲೆಯಂಥ ಲೂಸರ್ನ್ ಸೊಪ್ಪನ್ನು ದಿನವೂ ಹಾಕಿದರೆ ಲಾಮಾ ಬೊಜ್ಜು ಬೆಳೆಯುತ್ತದೆ. ಉಣ್ಣೆ ಮುಚ್ಚಿರುವುದರಿಂದ ಕೊಬ್ಬಿದ್ದೂ ತಿಳಿಯದು, ಬಡಕಲಾದದ್ದೂ ತಿಳಿಯದು. ತಿಂಗಳಿಗೊಮ್ಮೆ ಉಣ್ಣೆಯೊಳಗೆ ಕೈಯಿಟ್ಟು ಬೆನ್ನುಮೂಳೆಯ ಇಕ್ಕೆಲ ಮುಟ್ಟಿ ನೋಡಬೇಕು. ಮೂಳೆ ಕತ್ತಿಯಂತೆ ಚೂಪಾಗಿ ಸಿಕ್ಕರೆ ಬಡಕಲು. ಕೈಗೆ ಮೂಳೆಯೇ ಸಿಗದಿದ್ದರೆ ಬೊಜ್ಜು.

ಬೇಲಿಯ ಗಿಡಗಳ ಕಡೆಗೂ ಕಣ್ಣಿರಲಿ. ಕಣಗಿಲೆಯ ಕೆಲವೇ ಎಲೆ ಲಾಮಾವನ್ನು, ಕುದುರೆಯನ್ನು, ಕುರಿಯನ್ನು ಕೊಲ್ಲಬಲ್ಲದು, ಒಣಗಿದ ಎಲೆಯ ವಿಷವೂ ಇಳಿಯುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂದಕ್ಕೆಂದು ನೆಟ್ಟ ಕಣಗಿಲೆ ಅನೇಕ ಸಾಕುಪ್ರಾಣಿಗಳ ಸಾವಿಗೆ ಕಾರಣವಾಗಿದೆ.

ಜಂತುಹುಳು ಮತ್ತು ರೋಗಗಳು

ಕುದುರೆ, ಲಾಮಾ ಒಟ್ಟಿಗಿರುವುದರಲ್ಲಿ ಒಂದು ದೊಡ್ಡ ಲಾಭವೂ ಇದೆ. ಕುರಿ ಮೇಕೆಗಳ ಹೊಟ್ಟೆಯಲ್ಲಿ ರಕ್ತ ಹೀರುವ ಹಿಮಾಂಕಸ್ ಎಂಬ ಹುಳು ಲಾಮಾಕ್ಕೂ ಬರುತ್ತದೆ. ಕುದುರೆಯ ಹೊಟ್ಟೆಯಲ್ಲಿ ಅದು ನೆಲೆಗೊಳ್ಳುವುದಿಲ್ಲ. ಹಾಗೆಯೇ ಕುದುರೆಯ ಹುಳುಗಳಲ್ಲಿ ಬಹುಪಾಲು ಕುರಿಗೆ, ಲಾಮಾಕ್ಕೆ ತಗಲುವುದಿಲ್ಲ. ಕುರಿ ಮೇಯ್ದ ಗಾವಲಿಗೆ ಮುಂದಿನ ಸರದಿಯಲ್ಲಿ ಕುದುರೆಯನ್ನು ಬಿಟ್ಟರೆ, ಹುಲ್ಲಿನ ತುದಿಯಲ್ಲಿ ಕಾದಿರುವ ಮರಿಹುಳುಗಳು ಕುದುರೆಯ ಹೊಟ್ಟೆ ಸೇರಿ ಸಾಯುತ್ತವೆ. ಅಲ್ಲದೆ ಕುದುರೆ ತನ್ನ ಲದ್ದಿ ಬಿದ್ದ ಕಡೆ ಮೇಯದೆ ಬಿಡುವ ಒರಟು ಹುಲ್ಲನ್ನು ಕುರಿ, ಲಾಮಾ ಮೇಯ್ದು ಸಮಮಾಡುತ್ತವೆ. ಈ ನಿಯಮಕ್ಕೂ ಅಪವಾದವಿದೆ. ಹೊಟ್ಟೆಯ ಸಣ್ಣ ಹುಳುಗಳಲ್ಲೊಂದು ಕುದುರೆ, ದನ, ಕುರಿ ಎಲ್ಲದರಲ್ಲಿಯೂ ಬದುಕುತ್ತದೆ. ಯಕೃತ್ತಿನ ಚಪ್ಪಟೆಹುಳುವೂ ಭೇದ ನೋಡುವುದಿಲ್ಲ. ಜೊತೆಗೆ ಕತ್ತೆ ಇದ್ದರೆ ಅದರ ಶ್ವಾಸಕೋಶದ ಹುಳು ಕುದುರೆಗೆ ಹರಡಿ ಕೆಮ್ಮು ಬರಿಸುತ್ತದೆ, ಕತ್ತೆ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ.

ಲಾಮಾಗಳೆಲ್ಲ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ, ಅದರ ಸುತ್ತ ಮೇಯುವುದಿಲ್ಲ. ಗೊಬ್ಬರ ಬಾಚುವವನಿಗೆ ಇಂಥ ಅನುಕೂಲ ಬೇರೆ ಯಾವ ಪ್ರಾಣಿಯಿಂದಲೂ ಇಲ್ಲ. ಆದರೆ ಜೊತೆಯ ಕುರಿಗಳಿಗೆ ಆ ಮರ್ಯಾದೆ ತಿಳಿಯದು, ಅವು ಗುಡ್ಡೆಯ ಅಂಚಿನ ಹಸಿರು ಹುಲ್ಲನ್ನೇ ಹುಡುಕಿ ತಿನ್ನುತ್ತವೆ. ಆದುದರಿಂದ ವಾರಕ್ಕೊಮ್ಮೆಯಾದರೂ ಗುಡ್ಡೆಯನ್ನು ಬಾಚಿ ತೆಗೆಯಬೇಕು.

ಅಮೆರಿಕದ ಪೂರ್ವಭಾಗದಲ್ಲಿ ಲಾಮಾಕ್ಕೆ ಮುಖ್ಯ ಶತ್ರು ಕಯೋಟಿಯಲ್ಲ, ಒಂದು ಕೂದಲೆಳೆಯಂಥ ಹುಳು. ಬಿಳಿಬಾಲದ ಜಿಂಕೆಯ ಮಿದುಳಿನ ಪೊರೆಯಲ್ಲಿ ಅದು ಜಿಂಕೆಗೆ ತೊಂದರೆ ಕೊಡದೆ ವಾಸಿಸುತ್ತದೆ. ಜಿಂಕೆಯ ಹಿಕ್ಕೆಯಿಂದ ಬಸವನಹುಳುವಿಗೆ, ಹುಲ್ಲಿನ ಜೊತೆ ಆ ಬಸವನಹುಳುವನ್ನು ತಿಂದ ಲಾಮಾಕ್ಕೆ ದಾಟುತ್ತದೆ. ಲಾಮಾದ ಮೈಯಲ್ಲಿ ಅದಕ್ಕೆ ದಾರಿ ತಿಳಿಯದೆ ಬೆನ್ನುಹುರಿಯಲ್ಲಿ ಅಲೆಯುತ್ತದೆ. ಲಾಮಾ ಮೊದಲು ಹಿಂಗಾಲು ಎಳೆಯುತ್ತದೆ, ಆಮೇಲೆ ಏಳಲಾರದೆ ಮಲಗುತ್ತದೆ. ಆರಂಭದಲ್ಲೇ ಚಿಕಿತ್ಸೆ ದೊರೆತರೆ ಕೆಲವು ಉಳಿಯುತ್ತವೆ. ಕುರಿ ಮೇಕೆಗಳಿಗೂ ಇದು ಬರುವುದುಂಟು. ತಡೆಗಟ್ಟಲು ತಿಂಗಳಿಗೊಮ್ಮೆ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೊಡುವ ರೂಢಿ ಬಂದಿದೆ. ಇದರಿಂದ ಹೊಸ ತೊಡಕು ಹುಟ್ಟಿತು. ತಿಂಗಳು ತಿಂಗಳೂ ಔಷಧ ಬಿದ್ದುದರಿಂದ ಹೊಟ್ಟೆಯ ಹಿಮಾಂಕಸ್ ಹುಳುಗಳು ಅದಕ್ಕೆ ಬಗ್ಗದಂತಾದವು. ಆ ಬಗ್ಗದ ಹುಳುಗಳೇ ಜೊತೆಯ ಕುರಿಗಳಿಗೂ ಹರಡಿದವು. ಜಿಂಕೆ ನುಗ್ಗದಂತೆ ಬೇಲಿ, ಜೌಗಿನಿಂದ ದೂರ ಮೇಯಿಸುವುದು, ಬಸವನಹುಳು ತಿನ್ನಲು ಬಾತುಕೋಳಿ ಬಿಡುವುದು ಇವು ನಿಧಾನದ ಉಪಾಯಗಳಾದರೂ ಔಷಧದ ಭಾರ ತಗ್ಗಿಸುತ್ತವೆ. ಕುರಿ, ಲಾಮಾ ಎರಡರಲ್ಲಿಯೂ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಡಿಸಿ ನೋಡಿ, ಬಿಳಿಚಿಕೊಂಡಿರುವುದಕ್ಕೆ ಮಾತ್ರ ಹೊಟ್ಟೆಹುಳುವಿನ ಔಷಧ ಕೊಡುವ ಪದ್ಧತಿಯನ್ನು ಈಗ ಅನೇಕರು ಅನುಸರಿಸುತ್ತಾರೆ.

ಕುದುರೆಯಿಂದ ಲಾಮಾಕ್ಕೆ ಬರಬಹುದಾದ ರೋಗಗಳಲ್ಲಿ ಕುದುರೆಯ ಹರ್ಪಿಸ್ ವೈರಸ್ ಮುಖ್ಯವಾದದ್ದು. ಕುದುರೆಯಲ್ಲಿ ನೆಗಡಿ, ಗರ್ಭಪಾತಕ್ಕೆ ಕಾರಣವಾಗುವ ಈ ವೈರಸ್ ಆಲ್ಪಾಕಾ, ಲಾಮಾಗಳಲ್ಲಿ ಕಣ್ಣು ಕುರುಡಾಗಿಸಿದ್ದು 1980ರ ದಶಕದಲ್ಲಿ ವರದಿಯಾಯಿತು. ಸಂತೆ, ಪಂದ್ಯಗಳಿಗೆ ಹೋಗಿ ಬಂದ ಕುದುರೆ ಕೆಮ್ಮುತ್ತಿದ್ದರೆ ಅದನ್ನು ಬೇರೆ ಕಟ್ಟಬೇಕು, ಅದರ ನೀರಿನ ಬಕೀಟನ್ನೂ ಬೇರೆ ಇಡಬೇಕು. ದನಗಳಿಂದ ಕ್ಷಯ, ಬಹುಕಾಲದ ಭೇದಿ ತರುವ ಜೋನೆ ರೋಗ ಲಾಮಾಕ್ಕೆ ತಗಲಬಹುದು.

ಈಯುವ ಕಾಲ

ಲಾಮಾ ಬಹುಮಟ್ಟಿಗೆ ಹಗಲಿನಲ್ಲಿ, ಅದೂ ಮಧ್ಯಾಹ್ನದೊಳಗೆ ಈಯುತ್ತದೆ. ಚಳಿಯ ಎತ್ತರದ ನಾಡಿನಲ್ಲಿ ಸಂಜೆಯೊಳಗೆ ಮರಿಯ ಮೈ ಒಣಗದಿದ್ದರೆ ಉಳಿಯದು. ತಾಯಿ ಹಸುವಿನಂತೆ ಮರಿಯನ್ನು ನೆಕ್ಕುವುದಿಲ್ಲ, ಲಾಮಾದ ನಾಲಗೆ ಹೊರಗೆ ಚಾಚುವುದೇ ಇಲ್ಲ. ಹಸು, ಕುದುರೆ ಸಾಕಿ ರೂಢಿಯಾದವರು ಇದನ್ನು ತಾಯಿ ಮರಿಯನ್ನು ತಿರಸ್ಕರಿಸಿದೆಯೆಂದು ಭ್ರಮಿಸಿ ಮರಿಯನ್ನು ಮನೆಯೊಳಗೆ ಎತ್ತಿಕೊಂಡು ಹೋಗುತ್ತಾರೆ. ಬಾಟಲಿ ಹಾಲಿನ ಗಂಡು ಮರಿಗಳು ತಯಾರಾಗುವುದು ಹೀಗೆಯೇ. ಮಳೆ ಚಳಿಯಿದ್ದರೆ ಬಟ್ಟೆಯಿಂದ ಒರೆಸಿ ತಾಯಿಯ ಬಳಿಯೇ ಬಿಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣುಹಾಲು ಹೊಟ್ಟೆಗೆ ಸೇರುವುದು ಅತ್ಯವಶ್ಯಕ.

ಬಿಸಿಲು, ಮತ್ತು ಕರ್ನಾಟಕದ ಮಾತು

ತಂಪು ನಾಡಿನ ಈ ಪ್ರಾಣಿಗೆ ಬಿಸಿಲಿಗಿಂತಲೂ ತೇವ ಬೆರೆತ ಸೆಕೆ ಕೆಟ್ಟದ್ದು. ಅಮೆರಿಕದ ಸಾಕಣೆಗಾರರು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. ಉಷ್ಣಾಂಶವನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದು ಅದಕ್ಕೆ ಗಾಳಿಯ ತೇವಾಂಶದ ಶೇಕಡಾ ಅಂಕಿಯನ್ನು ಕೂಡಿಸುವುದು. ಮೊತ್ತ 120ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 150 ದಾಟಿದರೆ ಎಚ್ಚರ ಬೇಕು, 180 ದಾಟಿದರೆ ಪ್ರಾಣಾಪಾಯ. ವಸಂತದಲ್ಲಿ ಉಣ್ಣೆ ಕತ್ತರಿಸುವುದು, ನೆರಳು, ತಣ್ಣೀರು, ಹೊಟ್ಟೆಯ ಕೆಳಭಾಗಕ್ಕೆ ನೀರು ಚಿಮುಕಿಸುವುದು ಅಲ್ಲಿನ ಕ್ರಮ. ಬೆನ್ನಿನ ಉಣ್ಣೆಯ ಮೇಲೆ ನೀರು ಸುರಿಯಬಾರದು. ಒದ್ದೆ ಉಣ್ಣೆ ಒಳಗಿನ ಬಿಸಿಯನ್ನು ಹೊರಬಿಡುವುದಿಲ್ಲ.

ಇದೇ ಲೆಕ್ಕವನ್ನು ಕರಾವಳಿಗೆ ಹಾಕಿ ನೋಡಬಹುದು. 33 ಡಿಗ್ರಿ ಸೆಲ್ಸಿಯಸ್ ಅಂದರೆ 91 ಫ್ಯಾರನ್‌ಹೀಟ್. ತೇವ 75 ಇದ್ದರೆ ಮೊತ್ತ 166. ಬೇಸಿಗೆಯಲ್ಲಿ ಅಲ್ಲಿ ಇಂಥ ದಿನಗಳು ಅಪರೂಪವಲ್ಲ. ಲಾಮಾವನ್ನು ಇಲ್ಲಿಗೆ ತರುವ ಉತ್ಸಾಹ ಯಾರಿಗಾದರೂ ಇದ್ದರೆ ಈ ಅಂಕಿ ಉತ್ತರ ಹೇಳುತ್ತದೆ.

ಪ್ರಾಣಿ ಬಾರದಿದ್ದರೂ ಮೇಲೆ ಹೇಳಿದ್ದರಲ್ಲಿ ಕೆಲವು ಇಲ್ಲಿಗೂ ಅನ್ವಯಿಸುತ್ತದೆ. ಬಯಲುಸೀಮೆಯ ಕುರುಬರು ಮಂದೆಯ ಜೊತೆ ನಾಯಿಯನ್ನೂ, ಬಿಡಾರದ ಸಾಮಾನು ಮತ್ತು ನಡೆಯಲಾರದ ಎಳೆಮರಿಗಳನ್ನು ಹೊರಲು ಕುದುರೆಯನ್ನೂ ಕರೆದೊಯ್ಯುತ್ತಾರೆ. ಹಾದಿಯಲ್ಲಿ ಕೋಳಿ ಫಾರಂಗಳು ಸಿಗುತ್ತವೆ. ಚೆಲ್ಲಿದ ಕೋಳಿ ಆಹಾರ, ಉಳಿಕೆ ಚೀಲ, ಕೋಳಿಗೊಬ್ಬರದ ರಾಶಿ ಇವುಗಳಿಗೆ ಕುದುರೆ ಬಾಯಿ ಹಾಕದಂತೆ ಕಟ್ಟಿಹಾಕಬೇಕು, ಏಕೆಂದರೆ ಅವುಗಳಲ್ಲಿ ಮೊನೆನ್ಸಿನ್ ಅಥವಾ ಸಾಲಿನೋಮೈಸಿನ್ ಇರಬಹುದು. ಹಟ್ಟಿಯಲ್ಲಿ ಕಟ್ಟಿ ಮೇಯಿಸುವ ಟಗರುಗಳಿಗೆ ಹಸುವಿನ ಖನಿಜ ಮಿಶ್ರಣವನ್ನು ತಿಂಗಳುಗಟ್ಟಲೆ ಕೊಡುವುದೂ ಬೇಡ. ಕುರಿಗೆಂದೇ ತಯಾರಾದದ್ದನ್ನು ಪಶುವೈದ್ಯರನ್ನು ಕೇಳಿ ತರಬೇಕು. ಕುರಿ, ದನ, ಕೋಳಿ ಮೂರೂ ಇರುವ ಮನೆಯಲ್ಲಿ ಆಹಾರದ ಚೀಲಗಳನ್ನು ಬೇರೆ ಬೇರೆ ಮೂಲೆಯಲ್ಲಿಟ್ಟು, ಚೀಲದ ಮೇಲಿನ ಚೀಟಿಯನ್ನು ಹರಿಯದೆ ಉಳಿಸಿಕೊಂಡರೆ, ಪ್ರಾಣಿ ಕಾಯಿಲೆ ಬಿದ್ದ ದಿನ ವೈದ್ಯರಿಗೆ ತೋರಿಸಲು ಅದೇ ಮೊದಲು ಬೇಕಾಗುತ್ತದೆ.